ಶೀಳನೆರೆಯ ಮಡಿಲಕ್ಕಿ

ಶೀಳನೆರೆ, ನವೆಂಬರ್ ೧೯೯೪

ಆಮಾ,

ನೀನಿದ್ದಾಗಲೇ ನಿನಗೆ ಕನ್ನಡ ಬರುತ್ತಿರಲಿಲ್ಲ. ಈಗ ನೀನೇ ಇಲ್ಲ. ಆದರೂ ಇವತ್ತಿನ ವರದಿ ಒಪ್ಪಿಸಲೇಬೇಕು.

ನೇಪಾಳ ಬಿಟ್ಟು ಬಂದು ಮಿಲಿಟರಿ ಆಸ್ಪತ್ರೆಯಲ್ಲಿ ನರ್ಸಾಗಿ, ಶೀಳನೆರೆಯ ಸಿಪಾಯಿಯ ಕೈಹಿಡಿದ ನಿನ್ನ ಮಗಳು ಇವತ್ತು ವಿಧಾನಸಭೆ ಚುನಾವಣೆಗೆ ನಾಮಪತ್ರ ಸಲ್ಲಿಸಿದಳು. ಗೆಲ್ಲುತ್ತೇನೆ, ಅನುಮಾನವೇ ಬೇಡ.

ಬೆಳಿಗ್ಗೆ ಕೆ.ಆರ್. ಪೇಟೆಗೆ ಹೊರಟಾಗ ಎದುರುಮನೆಯ ಮಾದಮ್ಮ ಮೊರದ ತುಂಬ ಅಕ್ಕಿ, ಬೆಲ್ಲ, ಕೊಬ್ಬರಿ ಹಿಡಿದು ಬಂದರು. ಇಲ್ಲಿ ತವರಿನಿಂದ ಹೊರಡುವ ಮಗಳಿಗೆ ಹೀಗೆ ಮಡಿಲಕ್ಕಿ ಕಟ್ಟುತ್ತಾರೆ. ನನಗದು ಹೊಳೆಯಲಿಲ್ಲ. ಹಳೇ ಅಭ್ಯಾಸ, ಕೈ ಇಳಿಬಿಟ್ಟು ಅಟೆನ್ಷನ್‌ನಲ್ಲಿ ನಿಂತುಬಿಟ್ಟೆ.

"ಇದೇನವ್ವ, ಕಂಬ ನಿಂತಂಗೆ ನಿಂತಿದ್ದೀಯ? ಸೆರಗೊಡ್ಡು!"

"ನಾನು ಈ ಊರ ಸೊಸೆ ಕಣವ್ವ."

"ಸೊಸೆಯಾಗಿದ್ದು ಸಾಕು ಬುಡು. ಇವತ್ತಿಂದ ನೀನು ನಮ್ಮೂರ ಮಗಳು. ಗೆದ್ಕೊಂಡು ಬಾ."

ಸೆರಗೊಡ್ಡಿದೆ. ಐದು ಬೊಗಸೆ ಸುರಿದರು. ನಾಮಪತ್ರಕ್ಕೆ ಸಹಿ ಹಾಕುವಾಗಲೂ ಆ ಗಂಟು ನನ್ನ ಸೊಂಟದಲ್ಲೇ ಇತ್ತು.

ನಾನು ಸೇನೆಗೆ ಹೊರಟ ದಿನ ನೀನೂ ನನ್ನ ಹಣೆಗೆ ಮೊಸರಲ್ಲಿ ಕಲಸಿದ ಅಕ್ಕಿ ಹಚ್ಚಿದ್ದೆ. ಜೊತೆಯ ಹುಡುಗಿಯರು ನಕ್ಕಾರೆಂದು, ಬಸ್ಸು ಹೊರಟ ಕೂಡಲೇ ನಾನದನ್ನು ಒರೆಸಿಕೊಂಡೆ.

ಕಿಟಕಿಯಾಚೆ ನೀನಿನ್ನೂ ಕೈಬೀಸುತ್ತಿದ್ದೆ.