ಬೆನ್ನ ಮೇಲಿನ ತೂಗು

ಅಮ್ಮಾ,

ರಾತ್ರಿ ಮೂರಕ್ಕೆ ಕಿಮ್ಚಿ ಉಪ್ಪಿನಕಾಯಿ ಇಡುವ ಫ್ರಿಜ್ಜಿನ ಗುಂಯ್ ಸದ್ದಿಗೆ ಎಚ್ಚರವಾಯಿತು. ಈಗೀಗ ಅದೂ ಕಿವಿಗೆ ಚುಚ್ಚುತ್ತದೆ. ಮೊದಲು ಒಂದೇ ಮಾತ್ರೆಗೆ ಎದೆಯ ಗಾಬರಿ ಇಳಿಯುತ್ತಿತ್ತು, ಆಮೇಲೆ ಎರಡಕ್ಕೂ ಇಳಿಯಲಿಲ್ಲ. ಈಗ ಮಾತ್ರೆಯ ಚಟ ಬಿಡಿಸಲು ಡಾಕ್ಟರು ಚೂರುಚೂರೇ ಇಳಿಸುತ್ತಾ ಅರ್ಧಕ್ಕೆ ತಂದಿದ್ದಾರೆ. ಇವತ್ತು ಸೋತು, ಇನ್ನರ್ಧವನ್ನೂ ನುಂಗಲು ಹೊರಟಿದ್ದೆ. ಅಷ್ಟರಲ್ಲಿ ದಾನ್ಬಿ ಎದ್ದು ಅತ್ತಳು.

ಮಗಳನ್ನು ಬೆನ್ನಿಗೆ ಹಾಕಿಕೊಂಡೆ. ಮಾತ್ರೆ ಇಳಿಸಿದಾಗಿನಿಂದ ಬಂದ ನಡುಕಕ್ಕೆ, ಮಗು ಕಟ್ಟುವ ಪೊದೇಗಿ ಬಟ್ಟೆಯ ಗಂಟೇ ಬೀಳಲಿಲ್ಲ. ಅತ್ತೆ ಎದ್ದು ಬಂದರು.

"ಕಾಲೇಜು ಓದಿದೋಳೇ, ಒಂದು ಗಂಟು ಹಾಕೋಕೆ ಬರಲ್ವೇನೇ?" ಅನ್ನುತ್ತಲೇ ಬಿಗಿಯಾಗಿ ಕಟ್ಟಿದರು. ನನ್ನ ಮೈಯೆಲ್ಲ ನಡುಗುತ್ತಿತ್ತು. ದಾನ್ಬಿ ಅದನ್ನೇ ತೂಗುವುದು ಅಂದುಕೊಂಡು, ಕೆನ್ನೆ ಒತ್ತಿ ಮಲಗಿಬಿಟ್ಟಳು.

"ನೋಡು, ನಿನ್ನ ನಡುಕಾನೂ ಉಪಯೋಗಕ್ಕೆ ಬಂತು," ಅಂತ ಅತ್ತೆ ನಕ್ಕು, ಆ ಅರ್ಧ ಮಾತ್ರೆಯನ್ನು ಪೊಟ್ಟಣಕ್ಕೆ ವಾಪಸ್ಸು ಮಡಿಸಿಟ್ಟರು.

ನೀನೂ ಇಂಥದೇ ಮಾತ್ರೆ ಬಿಟ್ಟ ಚಳಿಗಾಲದಲ್ಲಿ, ನಾಲ್ಕು ವರ್ಷದ ನನ್ನನ್ನು ಬೆನ್ನಿಗೆ ಕಟ್ಟಿಕೊಂಡು ರಾತ್ರಿಯಿಡೀ ತೂಗಿದ್ದೆ. ಅಷ್ಟು ಸುಖದ ನಿದ್ದೆ ಮತ್ತೆ ಬಂದಿಲ್ಲ. ಅದು ತೂಗುತ್ತಿದ್ದದ್ದಾ ಅಮ್ಮಾ, ನಡುಗುತ್ತಿದ್ದದ್ದಾ? ನೀನು ಬದುಕಿದ್ದಾಗ ಕೇಳಲೇ ಇಲ್ಲ.

ನಿನ್ನ ನಂಬರು ಇನ್ನೂ ಅಳಿಸಿಲ್ಲ. ಮಗು ಬೆನ್ನ ಮೇಲಿದೆ, ಪಿಸುಮಾತಲ್ಲಿ ಹೇಳಿದರೂ ಸಾಕು. ಬೆಳಗಾಗುವ ಮುಂಚೆ ಒಂದು ಸಲ ಫೋನ್ ಮಾಡಮ್ಮಾ.