ಮದುಮಗನ ಎತ್ತರದ ಸಸಿ

ಮದುಮಗನಿಗೆ,

ನಮ್ಮ ಚರ್ಚಿನಲ್ಲಿ ನಿಮ್ಮ ಮದುವೆ ಗೊತ್ತಾಗಿರುವುದು ತಿಳಿಯಿತು. ಹುಡುಗಿ ನನ್ನ ಚಿಕ್ಕಮ್ಮನ ಮಗಳೇ ಆದ್ದರಿಂದ ಅವಳಿಗೆ ಶುಭಾಶಯ ಮನೆಯಲ್ಲೇ ಹೇಳಿಯಾಯಿತು. ಇದು ಚರ್ಚಿನ ಪರಿಸರ ಸಮಿತಿಯ ಪರವಾಗಿ ಬರೆಯುತ್ತಿರುವ ಪತ್ರ.

ಪ್ಲಾಸ್ಟಿಕ್ ಹೂವು, ಥರ್ಮೋಕೋಲ್ ಅಲಂಕಾರ ಬೇಡ. ಊಟಕ್ಕೆ ಸ್ಟೀಲ್ ತಟ್ಟೆ ಕೊಡುತ್ತೇವೆ, ತೊಳೆಯುವ ಕೆಲಸ ವರನ ಕಡೆಯವರದು. ಹುಬ್ಬು ಗಂಟಿಕ್ಕಬೇಡಿ. ಹೋದ ವರ್ಷ ನಮ್ಮ ಮದುವೆಗೆಂದು ನಾವಿಬ್ಬರೇ ಕೂತು ಬರೆದ ನಿಯಮಗಳಿವು. ನೀವು ನನಗೆ ಕೈಕೊಟ್ಟ ಮೇಲೂ ಸಭೆಯವರು ಅವನ್ನು ಕೈಬಿಡಲಿಲ್ಲ, ಎಲ್ಲ ಮದುವೆಗೂ ಕಡ್ಡಾಯ ಮಾಡಿದ್ದಾರೆ.

ಕೊನೆಯದಂತೂ ನಿನ್ನದೇ, ಕ್ಷಮಿಸಿ, ನಿಮ್ಮದೇ ಸಲಹೆ. ವಧೂವರರು ಚರ್ಚಿನ ಅಂಗಳದಲ್ಲಿ ಒಂದು ಸಸಿ ನೆಟ್ಟು, ಅದು ವರನ ಎತ್ತರಕ್ಕೆ ಬೆಳೆಯುವವರೆಗೂ ಪ್ರತಿ ಭಾನುವಾರ ತಾವೇ ನೀರು ಹಾಕಬೇಕು. ಅದನ್ನು ಕೇಳಿ ಆಗ ನಾನು ನಾಚಿ ನೀರಾಗಿದ್ದೆ. ಮಳೆನೀರಿನ ತೊಟ್ಟಿಯ ಬೀಗದ ಕೈ ಈಗ ನನ್ನ ಹತ್ತಿರವೇ ಇರುತ್ತದೆ. ಆರಾಧನೆ ಮುಗಿದ ಮೇಲೆ ಇಬ್ಬರೂ ಜೊತೆಯಾಗಿ ಬಂದು ಕೇಳಿ, ನಗುನಗುತ್ತಲೇ ಕೊಡುತ್ತೇನೆ.

ಸಸಿಯನ್ನು ನಾನೇ ಆರಿಸಿ ತಂದಿದ್ದೇನೆ. ನರ್ಸರಿಯವನ ಹತ್ತಿರ ಇರುವುದರಲ್ಲೆಲ್ಲ ತೀರಾ ನಿಧಾನವಾಗಿ ಬೆಳೆಯುವುದು ಅದೇ ಅಂತೆ.

ಇಂತಿ,
ನಿಮ್ಮ ಭಾವಿ ಅತ್ತಿಗೆ