ಸೀಲು ಬಿದ್ದ ಹಾಯಿದೋಣಿಯಿಂದ

ದುಬಾ, ತಬೂಕ್ ಪ್ರಾಂತ
೨ ಫೆಬ್ರವರಿ ೨೦೨೬, ಸೋಮವಾರ

ಪ್ರೀತಿಯ ತನುಶ್ರೀ,

ನಿನಗೂ ಅಮ್ಮನಿಗೂ ಸಲಾಂ, ಮಕ್ಕಳಿಬ್ಬರಿಗೂ ಒಂದೊಂದು ಮುತ್ತು. ನೀನು ಬೈಯುತ್ತೀ ಎಂದು ಗೊತ್ತು. ನಿನ್ನ ಕಾಗದ ಬಂದು ಎರಡು ತಿಂಗಳಾಯಿತು, ಉತ್ತರ ಈಗ ಬರೆಯುತ್ತಿದ್ದೇನೆ. ನೀನು ವಿಚಾರಿಸಿದಾಗಲೆಲ್ಲ ವಾಟ್ಸಾಪಿನಲ್ಲಿ ‘ಚೆನ್ನಾಗಿದ್ದೇವೆ’ ಎಂದು ಕಳಿಸಿದೆನಲ್ಲ, ಅದರಲ್ಲಿ ಅರ್ಧ ನಿಜ. ಉಳಿದರ್ಧವನ್ನು ಫೋನಿನಲ್ಲಿ ಹೇಳಲು ಇಲ್ಲಿ ಜಾಗವಿಲ್ಲ ಮಾರಾಯ್ತಿ. ದೋಣಿಯ ಈ ತುದಿಯಿಂದ ಆ ತುದಿಗೆ ಹದಿನೈದು ಹೆಜ್ಜೆ. ಒಬ್ಬರು ಪಿಸುಗುಟ್ಟಿದರೂ ಗಂಡ, ಹೆಂಡತಿ, ಮಗಳು ಮೂವರಿಗೂ ಕೇಳುತ್ತದೆ. ಝುಬೈರ್ ಮೂರನೇ ಕ್ಲಾಸಿಗೇ ಶಾಲೆ ಬಿಟ್ಟು ಬಲೆ ಹಿಡಿದವರು, ಕೈಬರಹ ಓದಲಾರರು. ಅಸೀಲಾಳಿಗೆ ಓದಲು ಬರುವುದು ಇಂಗ್ಲಿಷ್ ಒಂದೇ. ಹಾಗಾಗಿ ಅವರಿಬ್ಬರ ಎದುರೇ ಕುಳಿತು ನಿನಗೆ ಬರೆಯುತ್ತಿದ್ದೇನೆ. ಗುರುವಾರ ಅಬ್ದುಲ್ಲ ಕುಂಞಿಯವರು ಊರಿಗೆ ಹೊರಟಿದ್ದಾರೆ. ಉಪ್ಪಳದವರು, ಬಂದರಿನ ಗೇಟಿನ ಹೊರಗೆ ದಿನಸಿ ಅಂಗಡಿ ಇಟ್ಟಿದ್ದಾರೆ. ಈ ಕಾಗದವನ್ನು ನಿನ್ನ ಕೈಗೇ ಕೊಡುತ್ತೇನೆ ಎಂದಿದ್ದಾರೆ.

ನೀನು ಕೇಳಿದ್ದೆ, ‘ದೋಣಿಯಲ್ಲಿ ಸಂಸಾರ ಮಾಡುವುದೆಂದರೆ ಎಂತದೇ, ಸಿನೆಮಾದ ಹಾಗೆಯಾ?’ ಎಂದು. ಓದಿ ನಕ್ಕೆ. ಆಮೇಲೆ ಕಾಗದ ಮಡಿಚಿ ದಿಂಬಿನಡಿ ಇಟ್ಟೆ.

ಯಾರಿಗೂ ಸರಿಯಾಗಿ ಹೇಳಿರಲಿಲ್ಲ, ಮೊದಲಿನಿಂದ ಹೇಳುತ್ತೇನೆ. ನಮ್ಮ ಕಫೀಲ್, ಅಂದರೆ ವೀಸಾ ಕೊಟ್ಟ ಧಣಿ, ಅಬೂ ನಾಸಿರ್ ಎಂಬ ಮುದುಕರು ಈ ಹಾಯಿದೋಣಿಯನ್ನು ಒಬ್ಬ ಇಟಲಿಯವನಿಂದ ಕೊಂಡಿದ್ದರು. ಅವರಿಗೆ ಸಮುದ್ರವೆಂದರೆ ಜೀವ. ಝುಬೈರ್ ಅವರ ಚುಕ್ಕಾಣಿ ಹಿಡಿದವರು. ನಮಗೆ ಅವರ ತೋಟದ ಹಿಂದೆ ಎರಡು ಕೋಣೆಯ ಮನೆ ಇತ್ತು, ಅಸೀಲಾ ತಬೂಕಿನ ಇಂಡಿಯನ್ ಸ್ಕೂಲಿನ ಪಾಠವನ್ನು ಫೋನಿನಲ್ಲೇ ಕೇಳುತ್ತಿದ್ದಳು. ಎರಡು ವರ್ಷದ ಹಿಂದೆ ರಮಝಾನಿನಲ್ಲಿ ಮುದುಕರು ತೀರಿಕೊಂಡರು. ತಿಂಗಳು ತುಂಬುವುದರೊಳಗೆ ಗಂಡುಮಕ್ಕಳು ಕೋರ್ಟಿಗೆ ಹೋದರು. ತೋಟ, ಮನೆ, ದೋಣಿ ಎಲ್ಲದಕ್ಕೂ ತಕರಾರು. ತೋಟದ ಮನೆಗೆ ಬೀಗ ಬಿತ್ತು. ದೋಣಿಯ ಇಂಜಿನ್ನಿಗೆ ಕೆಂಪು ಕಾಗದದ ಸೀಲು ಬಿತ್ತು, ಹಾಯಿಗಳನ್ನು ಬಿಚ್ಚಿ ಒಯ್ದರು. ತೀರ್ಪು ಬರುವ ತನಕ ದೋಣಿಗೆ ಒಬ್ಬ ಜವಾಬುದಾರ ಬೇಕು, ಅವನು ಬಂದರಿನ ಗೇಟು ದಾಟಬಾರದು ಎಂದಾಯಿತು. ದೋಣಿಯನ್ನು ಬಲ್ಲವರು ಝುಬೈರ್ ಒಬ್ಬರೇ. ಸಹಿ ಹಾಕಿದರು. ಪಾಸ್‌ಪೋರ್ಟ್ ಬಂದರಿನ ಕಚೇರಿಯ ಕಪಾಟಿಗೆ ಹೋಯಿತು.

‘ಮೂರು ತಿಂಗಳು ಅಷ್ಟೆ’ ಎಂದಿದ್ದರು. ನಾನೂ ಅಸೀಲಾಳೂ ಆಗಲೇ ಊರಿಗೆ ಬರಬಹುದಿತ್ತು, ನಮ್ಮನ್ನು ಯಾರೂ ಹಿಡಿದಿರಲಿಲ್ಲ. ಆದರೆ ಇವರನ್ನು ಒಬ್ಬರನ್ನೇ ಈ ಮರದ ಡಬ್ಬಿಯಲ್ಲಿ ಬಿಟ್ಟು ಹೇಗೆ ಬರಲಿ ತನು? ಎರಡು ಸೂಟ್‌ಕೇಸು ಹಿಡಿದು ನಾವೂ ಹತ್ತಿದೆವು. ಈಗ ಇಪ್ಪತ್ತೊಂದು ತಿಂಗಳು.

ಸೌದಿ ಎಂದರೆ ಬರೀ ಬಿಸಿಲು ಎಂದು ಉಳ್ಳಾಲದವರೆಲ್ಲ ತಿಳಿದಿದ್ದಾರೆ. ಜನವರಿಯಲ್ಲಿ ಇಲ್ಲಿಗೊಮ್ಮೆ ಬರಲಿ. ತಬೂಕಿನ ಬೆಟ್ಟದ ಮೇಲೆ ಹಿಮ ಬೀಳುತ್ತದೆ, ಅಲ್ಲಿಂದ ಇಳಿಯುವ ಗಾಳಿ ನೇರ ನಮ್ಮ ದೋಣಿಯೊಳಗೇ ನುಗ್ಗುತ್ತದೆ. ಕೆಳಗೆ ತಣ್ಣಗಿನ ನೀರು, ಮೇಲೆ ತಣ್ಣಗಿನ ಗಾಳಿ. ನಾವು ಉಸಿರಾಡಿದ್ದೇ ಮಾಡಿನಲ್ಲಿ ಹನಿಯಾಗಿ ಬೆಳಗಾಗುವಾಗ ಮುಖದ ಮೇಲೆ ಬೀಳುತ್ತದೆ. ಕಂಬಳಿ ಒಣಗುವುದೇ ಇಲ್ಲ, ಹಾಸಿಗೆಯ ಅಡಿಯಲ್ಲಿ ಕಪ್ಪು ಬೂಸ್ಟು ಹಿಡಿದಿದೆ, ವಿನೆಗರ್ ಹಾಕಿ ಎಷ್ಟು ಉಜ್ಜಿದರೂ ನಾಲ್ಕನೇ ದಿನಕ್ಕೆ ಮತ್ತೆ ಬರುತ್ತದೆ. ಕರೆಂಟಿನ ಹೀಟರ್ ಹಚ್ಚಿದರೆ ಅನ್ನ ಬೇಯಿಸುವ ಒಲೆ ಆರುತ್ತದೆ. ಮಧ್ಯಾಹ್ನ ಒಲೆ, ಸಂಜೆ ಹೀಟರ್ ಎಂದು ಪಾಳಿ ಮಾಡಿಕೊಂಡಿದ್ದೇವೆ. ಅಸೀಲಾ ಮೂರು ಸ್ವೆಟರ್ ಹಾಕಿಕೊಂಡು ಗೋಣಿಚೀಲದ ಹಾಗೆ ಕೂತಿರುತ್ತಾಳೆ.

ಅವಳ ಒಂದು ಸಂಗತಿ ಹೇಳುತ್ತೇನೆ. ಹೋದ ವರ್ಷ ಈದ್‌ಗೆ ಅವಳಿಗೆ ಶೂ ತಂದಿದ್ದೆವು. ಮೊನ್ನೆ ಕಾಲಿಗೆ ಹಿಡಿಸಲಿಲ್ಲ. ತೆಗೆದು ನೋಡಿದರೆ ಅಡಿ ಸ್ವಲ್ಪವೂ ಸವೆದಿಲ್ಲ, ಅಂಗಡಿಯ ಚೀಟಿಯ ಗೋಂದು ಹಾಗೇ ಇದೆ. ಹತ್ತು ವರ್ಷದ ಹುಡುಗಿ ಒಂದು ಶೂ ಸವೆಯುವಷ್ಟೂ ನಡೆದಿಲ್ಲ.

ಝುಬೈರ್ ಮಾತ್ರ ಒಂದು ದಿನ ಸುಮ್ಮನೆ ಕೂತವರಲ್ಲ. ನಸುಕಿನ ಸುಬಹಿ ನಮಾಝ್ ಮುಗಿಸಿದ್ದೇ ಹಗ್ಗಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತಾರೆ, ಹಿತ್ತಾಳೆಯನ್ನೆಲ್ಲ ಉಜ್ಜುತ್ತಾರೆ, ಹಾಯಿಯೇ ಇಲ್ಲದ ಕಂಬದ ರಾಟೆಗಳಿಗೆ ಎಣ್ಣೆ ಬಿಡುತ್ತಾರೆ. ಕಟ್ಟೆಯ ಮೇಲೆ ಹೋಗುವ ಈಜಿಪ್ಟಿನವರು, ಬಾಂಗ್ಲಾದವರು ಎಲ್ಲ ‘ಯಾ ಕಪ್ತಾನ್’ ಎಂದು ಕರೆಯುತ್ತಾರೆ, ಇವರು ಕೈ ಎತ್ತುತ್ತಾರೆ. ನಿನಗೆ ನೆನಪಿದೆಯಲ್ಲ, ಕೋಟೆಪುರದಲ್ಲಿ ತಮ್ಮ ಅಣ್ಣಂದಿರ ಬೋಟಿನಲ್ಲಿ ಇವರು ಮೀನು ಆಯುವ ಕೆಲಸದಲ್ಲಿದ್ದರು. ಅಣ್ಣಂದಿರು ಹೆಸರು ಹಿಡಿದೂ ಕರೆಯುತ್ತಿರಲಿಲ್ಲ, ‘ಏ, ಇಲ್ಲಿ ಬಾ’ ಅಷ್ಟೆ.

ಈಗ ಜನವರಿಯ ವಿಷಯ. ಹನ್ನೊಂದನೇ ತಾರೀಕಿನಿಂದ ಅಸೀಲಾಳಿಗೆ ಕೆಮ್ಮು. ಶುಂಠಿ, ಜೇನು, ಎದೆಗೆ ವಿಕ್ಸ್, ಎಲ್ಲ ಆಯಿತು. ಆರನೇ ದಿನ ಬೆಳಗ್ಗೆ ನೋಡುತ್ತೇನೆ, ಉಸಿರು ಎಳೆಯುವಾಗ ಪಕ್ಕೆಲುಬಿನ ನಡುವೆ ಗುಳಿ ಬೀಳುತ್ತಿದೆ, ತುಟಿ ನೇರಳೆ. ಝುಬೈರ್ ಅವಳನ್ನೆತ್ತಿಕೊಂಡು ಗೇಟಿನವರೆಗೆ ಓಡಿದರು. ಗೇಟಿನಲ್ಲಿ ನಿಂತರು. ಅಲ್ಲಿಂದ ನನ್ನ ತೋಳಿಗೆ ಕೊಟ್ಟರು.

‘ಉಪ್ಪ ಬರುವುದಿಲ್ವಾ?’ ಎಂದಳು ಅಸೀಲಾ.

‘ನೀನು ಹೋಗು ಮಗಾ, ನಾನು ಹಿಂದೆಯೇ ಬರುತ್ತೇನೆ’ ಎಂದರು.

ಅಬ್ದುಲ್ಲ ಕುಂಞಿಯವರು ಅಂಗಡಿ ತೆರೆದಂತೆಯೇ ಬಿಟ್ಟು ಕಾರು ತೆಗೆದರು. ನ್ಯುಮೋನಿಯಾ ಎಂದರು ಡಾಕ್ಟರು. ಆಕ್ಸಿಜನ್ ಹಾಕಿದರು, ಕೈಗೆ ಸೂಜಿ. ಸುಡಾನಿನ ಒಬ್ಬ ಡಾಕ್ಟರಮ್ಮ, ಬಹಳ ಒಳ್ಳೆಯವರು, ನನ್ನನ್ನು ಪಕ್ಕಕ್ಕೆ ಕರೆದು, ‘ಮಗು ಎಲ್ಲಿ ಮಲಗುತ್ತದೆ?’ ಎಂದು ಕೇಳಿದರು. ಹೇಳಿದೆ. ಅವರಿಗೆ ಅರ್ಥವಾಗಲಿಲ್ಲ, ನನ್ನ ಅರಬಿ ತಪ್ಪಿರಬೇಕೆಂದು ಮತ್ತೆ ಕೇಳಿದರು. ಫೋನಿನಲ್ಲಿ ದೋಣಿಯ ಫೋಟೋ ತೋರಿಸಿದೆ. ‘ಇನ್ನೊಂದು ಚಳಿಗಾಲ ಇವಳನ್ನು ಅಲ್ಲಿ ಇಡಬೇಡ’ ಎಂದರು. ಅಷ್ಟು ಹೇಳಿ ನನ್ನ ತಲೆ ಸವರಿದರು. ಅಲ್ಲಿಯವರೆಗೆ ಅತ್ತಿರಲಿಲ್ಲ ನಾನು.

ಮೂರನೇ ದಿನ ಅಸೀಲಾ ಕಣ್ಣು ಬಿಟ್ಟಳು, ಕೇಳಿದ್ದು ಒಂದೇ, ಉಪ್ಪ ಎಲ್ಲಿ? ನನಗೆ ತಡೆಯಲಾಗಲಿಲ್ಲ. ಅಬ್ದುಲ್ಲ ಕುಂಞಿಯವರ ಹೆಂಡತಿ ಜಮೀಲಮ್ಮನವರನ್ನು ಹಾಸಿಗೆಯ ಬಳಿ ಕೂರಿಸಿ ಬಂದರಿನ ಕಚೇರಿಗೆ ಹೋದೆ. ಒಬ್ಬಳೇ ಹೋದದ್ದು ಅದೇ ಮೊದಲು. ಅಲ್ಲಿಯ ಅಧಿಕಾರಿ ವಯಸ್ಸಾದವರು, ಕೂರಿಸಿ ಚಹಾ ತರಿಸಿದರು. ಗಂಡನಿಗೆ ಒಂದು ಗಂಟೆ ಬಿಡಿ, ಮಗಳನ್ನು ನೋಡಿ ಬರಲಿ ಎಂದೆ. ಅವರು ಕಡತ ತೆಗೆಸಿ ನೋಡಿದರು. ಎರಡು ಗಂಟೆಗೆ ಚೀಟಿ ಬರೆದು ಕೊಟ್ಟರು, ಜೊತೆಗೆ ಒಬ್ಬ ಸಿಪಾಯಿ.

ಝುಬೈರ್ ಬಂದರು. ಇಪ್ಪತ್ತೊಂದು ತಿಂಗಳ ಬಳಿಕ ಅವರು ಗೇಟು ದಾಟಿದ್ದು ಆ ಮಧ್ಯಾಹ್ನ. ನೆಲ ಅಲುಗುವುದಿಲ್ಲವಲ್ಲ, ಅದಕ್ಕೇ ಗೋಡೆ ಹಿಡಿದು ನಡೆದರು. ಅಸೀಲಾಳ ಕಾಲು ಹಿಡಿದು ಕೂತರು. ‘ಉಪ್ಪ, ನಿಮ್ಮ ಕೈ ಪಾಲಿಶಿನ ವಾಸನೆ’ ಎಂದು ನಕ್ಕಳು ಅವಳು. ಆದರೆ ಇವರು ಮತ್ತೆ ಮತ್ತೆ ಗೋಡೆಯ ಗಡಿಯಾರ ನೋಡುತ್ತಿದ್ದರು. ‘ಗಾಳಿ ಎದ್ದಿದೆ, ಹಿಂದಿನ ಹಗ್ಗ ಸಡಿಲ ಇತ್ತು’ ಎಂದರು. ಇನ್ನೂ ಮುಕ್ಕಾಲು ಗಂಟೆ ಇರುವಾಗಲೇ ಎದ್ದರು. ಸಿಪಾಯಿಯೇ, ‘ಕೂತ್ಕೊಳ್ಳಿ, ಟೈಮಿದೆ’ ಎಂದ. ಕೂರಲಿಲ್ಲ.

ಅಸೀಲಾ ಆರು ದಿನಕ್ಕೆ ಆಸ್ಪತ್ರೆಯಿಂದ ಬಂದಳು. ಈಗ ಪರವಾಗಿಲ್ಲ, ಉಣ್ಣುತ್ತಾಳೆ, ಜಗಳಾಡುತ್ತಾಳೆ. ಎಲ್ಲ ಅಲ್ಲಾಹನ ದಯೆ. ಆದರೆ ನಾನು ನಿಶ್ಚಯ ಮಾಡಿಬಿಟ್ಟೆ ತನು. ಹೋದ ಶುಕ್ರವಾರ ಊಟದ ಬಳಿಕ ಇವರಿಗೆ ಹೇಳಿದೆ.

‘ನಾನೂ ಅಸೀಲಾಳೂ ಊರಿಗೆ ಹೋಗುತ್ತೇವೆ.’

ಇವರು ಹಗ್ಗದ ತುದಿ ಹೆಣೆಯುತ್ತಿದ್ದರು. ಕೈ ನಿಲ್ಲಲಿಲ್ಲ. ‘ಯಾವಾಗ?’

‘ಹನ್ನೆರಡನೇ ತಾರೀಕು. ರಮಝಾನ್ ಶುರುವಾಗುವ ಮೊದಲು.’

‘ಸರಿ. ಅವಳಿಗೆ ಶಾಲೆ ಬೇಕು.’

‘ನಿಮಗೆ?’

‘ನನ್ನದೆಂತ ಅತಿಯಾ, ಕೇಸು ಮುಗಿಯಬೇಕಲ್ಲ.’

‘ಮುಗಿದ ಮೇಲೆ ಊರಿಗೆ ಬಂದು ಎಂತ ಮಾಡುವುದು ಅಂತ ಯೋಚಿಸಿದ್ದೀರಾ?’

ಹಗ್ಗ ಹೆಣೆದು ಮುಗಿಸಿದರು, ಎದ್ದು ಹೊರಗೆ ಹೋದರು. ಮಾಡಿನ ಮೇಲೆ ಅವರ ಹೆಜ್ಜೆ ಮುಂದಕ್ಕೆ, ಹಿಂದಕ್ಕೆ ಕೇಳುತ್ತಿತ್ತು. ಅಸೀಲಾ ಪುಸ್ತಕದಿಂದ ತಲೆಯೆತ್ತದೆ, ‘ಉಪ್ಪ ಈಸ್ ಸ್ಯಾಡ್’ ಎಂದಳು. ‘ಹೌದು’ ಎಂದೆ.

ಇನ್ನು ನಿನ್ನಿಂದ ಆಗಬೇಕಾದ ಕೆಲಸ. ನೀನು ಕಲಿಸುವ ಶಾಲೆಯಲ್ಲೇ ಅವಳಿಗೆ ಐದನೇ ಕ್ಲಾಸಿಗೆ ಜಾಗ ಸಿಗುತ್ತದಾ ಕೇಳು. ಕನ್ನಡ ಅಕ್ಷರ ಬಾರದು, ನೀನೇ ಕೂತು ಕಲಿಸಬೇಕು, ಹೊಡೆಯಬೇಡ, ಬೈದರೆ ಸಾಕು, ಮುಖ ಕೆಂಪು ಮಾಡಿಕೊಂಡು ಕಲಿಯುತ್ತಾಳೆ. ಜೋರಾಗಿ ಓಡಲು ಬಿಡು. ಮೊದಮೊದಲು ಬಿದ್ದಾಳು. ನಾವು ತವರಿನಲ್ಲಿ, ಉಮ್ಮನ ಮನೆಯಲ್ಲೇ ಇರುತ್ತೇವೆ. ಉಮ್ಮನಿಗೆ ಅಸೀಲಾಳ ಜ್ವರದ ವಿಷಯ ಗೊತ್ತಿಲ್ಲ, ನೀನೂ ಹೇಳಬೇಡ, ಮಗುವನ್ನು ಕಣ್ಣಾರೆ ನೋಡಿದ ಮೇಲೆ ಹೇಳುತ್ತೇನೆ. ಝುಬೈರ್‌ರ ಅಣ್ಣಂದಿರು ಬಂದು ವಿಚಾರಿಸಿದರೆ ಕೇಸಿನ ತೀರ್ಪು ಹತ್ತಿರದಲ್ಲಿದೆ ಎನ್ನು. ವಕೀಲರೂ ಹಾಗೇ ಹೇಳುತ್ತಿದ್ದಾರೆ. ಅಬೂ ನಾಸಿರ್‌ರ ಹಿರಿಯ ಮಗ ನಮ್ಮ ಇಕಾಮಾ, ಇಲ್ಲಿ ಇರುವ ಪರವಾನಗಿ, ತಪ್ಪದೆ ಮಾಡಿಸುತ್ತಿದ್ದಾನೆ, ಆ ಚಿಂತೆ ಇಲ್ಲ.

ಅಬ್ದುಲ್ಲ ಕುಂಞಿಯವರ ಕೈಯಲ್ಲಿ ಅಮ್ಮನಿಗೆ ಮದೀನಾದ ಅಜ್ವಾ ಖರ್ಜೂರ ಕಳಿಸಿದ್ದೇನೆ. ಸಕ್ಕರೆ ಕಾಯಿಲೆ ಎಂದು ಎಲ್ಲವನ್ನೂ ನೀನೇ ಮುಗಿಸಬೇಡ, ದಿನಕ್ಕೆ ಅರ್ಧ ಕೊಡು. ನಿನ್ನ ಸೊಂಟನೋವು ಹೇಗಿದೆ? ಬೆಂಚಿನ ಮೇಲೆ ಹತ್ತಿ ಬೋರ್ಡ್ ಬರೆಯುವುದನ್ನು ಬಿಡು.

ನಿನ್ನ ಮನೆಯ ಎಲ್ಲರಿಗೂ ಆರೋಗ್ಯ, ಆಯುಷ್ಯ, ನೆಮ್ಮದಿಯ ಊಟ, ಒಣಗಿದ ಹಾಸಿಗೆ ಸದಾ ಇರಲಿ ಎಂದು ಪ್ರತಿ ನಮಾಝಿನಲ್ಲೂ ಬೇಡುತ್ತೇನೆ. ನಗಬೇಡ, ಒಣಗಿದ ಹಾಸಿಗೆ ಸಣ್ಣ ಭಾಗ್ಯವಲ್ಲ.

ನಿನ್ನ
ಅತಿಯಾ

ಮರೆತದ್ದಲ್ಲ, ಮೇಲೆ ಬರೆಯಲಾಗದೆ ಬಿಟ್ಟದ್ದು:

ಆ ಕಚೇರಿಯಲ್ಲಿ ಅಧಿಕಾರಿ ಕಡತ ನೋಡಿದರು ಎಂದೆನಲ್ಲ. ನೋಡುತ್ತಾ ಅವರ ಹುಬ್ಬು ಗಂಟಿಕ್ಕಿತು. ‘ಒಂದು ಗಂಟೆ ಯಾಕೆ ಕೇಳುತ್ತೀಯಮ್ಮ? ನಿನ್ನ ಗಂಡ ಪೂರ್ತಿ ಹೋಗಬಹುದಿತ್ತಲ್ಲ’ ಎಂದರು. ನನಗೆ ತಿಳಿಯಲಿಲ್ಲ. ಅವರು ನಿಧಾನವಾಗಿ, ಮಕ್ಕಳಿಗೆ ಹೇಳುವ ಹಾಗೆ ಹೇಳಿದರು. ಹೋದ ವರ್ಷ ಹಜ್ ಮುಗಿದ ವಾರ ಕೋರ್ಟಿನಿಂದ ಆದೇಶ ಬಂದಿತ್ತಂತೆ. ಜವಾಬುದಾರ ಬೇಕಾದರೆ ಬೇರೆಯವನಿಗೆ ವಹಿಸಿ ಹೋಗಬಹುದು, ಪಾಸ್‌ಪೋರ್ಟ್ ವಾಪಸು. ಬಂದರಿನ ಒಬ್ಬ ಕಾವಲುಗಾರ ಸಹಿ ಹಾಕಲು ತಯಾರಿದ್ದ. ‘ನಾನೇ ಕರೆಸಿ ಓದಿ ಹೇಳಿದೆ. ಅವನು, ನಾನೇ ಇರುತ್ತೇನೆ ಅಂದ. ಹೆಂಡತಿ ಮಕ್ಕಳು? ಅಂದೆ. ಅವರಿಗೆ ದೋಣಿ ಇಷ್ಟ ಅಂದ.’

ಹಾಗೆಂದು ಬರೆಸಿಕೊಂಡ ಕಾಗದವನ್ನು ನನ್ನ ಕಡೆ ತಿರುಗಿಸಿದರು. ಅರಬಿಯಲ್ಲಿ ಏನಿತ್ತೋ ಗೊತ್ತಿಲ್ಲ, ಕೆಳಗಿನ ಸಹಿ ಮಾತ್ರ ಗೊತ್ತು. ಮದುವೆಯಾದ ಹೊಸದರಲ್ಲಿ ಅವರಿಗೆ ಹೆಸರು ಬರೆಯಲು ಕಲಿಸಿದವಳು ನಾನೇ. ‘ಝು’ ಬರೆಯುವಾಗ ಇವತ್ತಿಗೂ ಒಂದು ಗೆರೆ ಬಿಡುತ್ತಾರೆ.

ಎಂಟು ತಿಂಗಳು ತನು. ಈ ಚಳಿಗಾಲಕ್ಕೆ ಮೊದಲೇ ನಾವು ಮೂವರೂ ಊರಲ್ಲಿರುತ್ತಿದ್ದೆವು.

ನಾನು ಇವರನ್ನು ಕೇಳಿಲ್ಲ. ಕೇಳುವುದೂ ಇಲ್ಲ. ಆಸ್ಪತ್ರೆಯಿಂದ ಅಷ್ಟು ಬೇಗ ಯಾಕೆ ಎದ್ದು ಹೋದರೆಂದು ಈಗ ತಿಳಿಯುತ್ತದೆ. ಸಿಟ್ಟು ಬರುತ್ತದೆ. ಮರುಕ್ಷಣ ಕಟ್ಟೆಯ ಮೇಲಿಂದ ಯಾರೋ ಕಪ್ತಾನ್ ಎಂದು ಕರೆಯುತ್ತಾರೆ, ಇವರ ಬೆನ್ನು ನೆಟ್ಟಗಾಗುತ್ತದೆ. ಊರಿನಲ್ಲಿ ಇವರನ್ನು ಕಾಯುತ್ತಿರುವುದು ಅಣ್ಣಂದಿರ ಅದೇ ‘ಏ, ಇಲ್ಲಿ ಬಾ’ ತಾನೆ.

ಊರಿನಲ್ಲಿ ಯಾರೇ ಕೇಳಲಿ, ಕೋರ್ಟು ಬಿಡಲಿಲ್ಲ ಎಂದೇ ಹೇಳು. ಅಸೀಲಾ ಕೇಳಿದರೂ ಅದನ್ನೇ. ನಾನೂ ಹಾಗೇ ಹೇಳುತ್ತೇನೆ.